ಚೌಕ ಭುಜದ ಬಾಟಲಿ

ಬಸ್ಸು ತಿರುವಿನಲ್ಲಿ ವಾಲಿತು, ಕಿಟಕಿಯ ಬಿಸಿಲು ಪಕ್ಕದ ಹುಡುಗಿಯ ಮಡಿಲಿಗೆ ಜಾರಿತು, ಕಂದು ಬಣ್ಣದ್ದೇನೋ ಹೊಳೆಯಿತು, ಗಾಜು, ಗಾಜು ಕಂಡರೆ ನನ್ನ ಕೈ ತಾನಾಗಿ ಮುದುಡಿಕೊಳ್ಳುತ್ತದೆ, ವಾರವೆಲ್ಲ ತೊಳೆಯುವ ಸೋಡಾದ ನೀರಿನಲ್ಲಿ ನೆಂದ ಕೈ — ಇವತ್ತು ಭಾನುವಾರ ಬಸಮ್ಮ, ಹಾನುಬಾಳಿಗೆ ತಂಗಿ ಮನೆಗೆ ಹೊರಟಿದ್ದೀಯ, ಇವತ್ತು ಬಾಟಲಿ ತೊಳೆಯುವುದಿಲ್ಲ, ಸುಮ್ಮನೆ ಕೂತುಕೋ. ಆದರೆ ಆ ಚೌಕ ಭುಜ, ಕತ್ತಿನ ಕೆಳಗೆ ಉಬ್ಬಿದ ಗೆರೆ, ಗೆರೆಯಲ್ಲಿ ಗೋಂದು ಕೂತರೆ ಉಗುರು ಹಾಕಿಯೇ ಕೀಳಬೇಕು, ಕಿತ್ತಿದ್ದೇನೆ, ಲೇಬಲ್ಲಿನ ಮೇಲೆ ತಲೆಬುರುಡೆ ಇತ್ತು, ಹೋದ ತಿಂಗಳು ಎಸ್ಟೇಟಿನಿಂದ ಮುರಿದ ಕಿಟಕಿ ಮರ, ತುಕ್ಕು ಹಿಡಿದ ಪೈಪುಗಳ ಜೊತೆ ಚೀಲದಲ್ಲಿ ಬಂದವು, ಕಾಫಿ ಗಿಡಕ್ಕೆ ಹೊಡೆಯುವ ಔಷಧಿಯ ಬಾಟಲಿಗಳು, ಇವನ್ನ ಒಡ್ದು ಚೂರಿನ ರಾಶಿಗೆ ಹಾಕ್ತೀನಿ ಸಾವ್ಕಾರ್ರೇ ಅಂದೆ, ಆನೇಮಹಲಿನ ಗುಜರಿ ಅಂಗಡಿಯ ಮಹಾದೇವಯ್ಯನವರು ತಕ್ಕಡಿಯಿಂದ ತಲೆ ಎತ್ತಲಿಲ್ಲ, ಒಡುದ್ರೆ ಏನ್ ಸಿಕ್ತದೆ ಬಸಮ್ಮ, ಎಲ್ಲಾ ಪ್ಲಾಸ್ಟಿಕ್ ಆಯ್ತಾ ಐತೆ, ಗಾಜಿನ್ ಬಾಟ್ಲಿ ಸಿಗದೇ ಇಲ್ಲ, ಚೆನ್ನಾಗಿ ತೊಳಿ, ಸೀಮೆಎಣ್ಣೆ ತುಂಬ್ಕಳಕ್ಕೆ ಯಾರಾದ್ರೂ ಒಯ್ತಾರೆ. ಸೀಮೆಎಣ್ಣೆಗೆ ತಾನೇ ಅಂತ ತೊಳೆದೆ, ಬಿಸಿನೀರು, ಬೂದಿ, ಮತ್ತೆ ನೀರು, ಮೂಸಿದರೆ ಘಾಟು ಇನ್ನೂ ಇತ್ತು, ಬಿಸಿಲಿಗೆ ಬೋರಲು ಹಾಕಿದೆ, ಅವನ್ನು ಕೊಂಡು ಚೀಲ ಹೊತ್ತು ಹೋದವನ ಮುಖ ಕೂಡ ನೋಡಲಿಲ್ಲ.

ಹುಡುಗಿಯ ತೊಡೆಯ ಮೇಲೆ ಎಳೆಗೂಸು, ಕೆಮ್ಮುತ್ತದೆ, ಅವಳು ಮುಚ್ಚಳ ತಿರುಗಿಸಿ ಬೆರಳದ್ದುತ್ತಾಳೆ, ಜೇನು, ಬೆರಳಿನಿಂದ ದಾರದಂತೆ ಇಳಿಯುತ್ತದೆ, ಕೂಸು ನಾಲಿಗೆ ಚಾಚುತ್ತದೆ — ಬ್ಯಾಡ ಕಣವ್ವ, ಕೊಡಬ್ಯಾಡ, ಕೂಗಿದ್ದು ನಾನೇ, ಅವಳ ಮಣಿಕಟ್ಟು ನನ್ನ ಕೈಯೊಳಗೆ, ಯಾರಮ್ಮ ನೀವು, ಬಿಡಿ, ಈ ಬಾಟ್ಲಿ ಎಲ್ಲಿ ತಗಂಡೆ ಹೇಳು, ಸಂತೇಲಿ ಜೇನು ಮಾರೋನತ್ರ, ನಮ್ಮ ಯಜಮಾನ್ರು ತಂದ್ರು, ನೆಗಡಿಗೆ ಒಳ್ಳೇದಂತ. ಇಂಥ ಬಾಟಲಿ ಲೋಕದಲ್ಲಿ ಎಷ್ಟೋ ಇರುತ್ತವೆ, ಇದು ಅದಲ್ಲದಿರಬಹುದು, ಬಾಯಿಬಿಟ್ಟರೆ ನಾಳೆ ಕೆಲಸವಿಲ್ಲ, ಮೂಸಿದೆ, ಮೊದಲು ಜೇನು, ಅದರ ಹಿಂದೆ ಆ ಘಾಟು, ಬಾಟಲಿಯದೋ ನನ್ನ ಉಗುರುಸಂದಿಯದೋ ತಿಳಿಯಲಿಲ್ಲ, ಹೇಳಿಬಿಟ್ಟೆ, ಇದು ಇಷದ ಬಾಟ್ಲಿ ಕಣವ್ವ, ತೊಳ್ದೋಳು ನಾನೇ. ಬಸ್ಸಿನವರೆಲ್ಲ ತಿರುಗಿ ನೋಡಿದರು, ಅವಳು ಸೆರಗಿನಿಂದ ಕೂಸಿನ ಬಾಯಿ ತಿಕ್ಕಿದಳು, ತಿಕ್ಕಿದಳು, ಕಂಡಕ್ಟರ್ ಸೀಟಿ ಹಾಕಿದ, ಇಳೀರಿ ಇಳೀರಿ, ಎದುರುಗಡೆ ಜೀಪ್ ಬತ್ತಾ ಐತೆ, ಸಕಲೇಶಪುರದ ಆಸ್ಪತ್ರೆಗೆ ಹೋಗ್ಬುಡಿ, ನಾನೂ ಹತ್ತಿದೆ, ಜೀಪಿನಲ್ಲಿ ಅವಳು ನನ್ನ ಕಡೆ ನೋಡಲಿಲ್ಲ, ದಿನಾ ಕೊಟ್ಟಿದೀನಿ, ದಿನಾ ನಾನೇ ಕೊಟ್ಟಿದೀನಿ ಅಂತ ಹೊರಗಿನ ಗಿಡಗಳಿಗೆ ಹೇಳುತ್ತಿದ್ದಳು.

ಈಗ ಆಸ್ಪತ್ರೆಯ ಬೆಂಚು, ಫಿನಾಯಿಲ್ ವಾಸನೆ, ಕೂಸು ಸದ್ಯ ಚೆನ್ನಾಗಿದೆ, ಇವತ್ತು ಇಲ್ಲೇ ಇರಲಿ ಅಂದರು ಡಾಕ್ಟರು, ಬಾಟಲಿ ಎಲ್ಲಿಯದು ಅಂದಾಗ ಮಹಾದೇವಯ್ಯನವರ ಹೆಸರು ಹೇಳಿದೆ, ನಾಲಿಗೆ ತಡವರಿಸಲಿಲ್ಲ, ಉಳಿದ ಬಾಟಲಿಗಳು ಎಲ್ಲಿವೆಯಮ್ಮ ಅಂದರು — ಉಳಿದವು, ಹೌದು, ಚೀಲದ ತುಂಬ ಇದ್ದವು, ಯಾರ ಮನೆಯ ಗೂಡಿನಲ್ಲಿ, ಎಸ್ಟೇಟಿನ ಯಾವ ಕೂಲಿಲೈನಿನ ಬಾಗಿಲಲ್ಲಿ, ಕೆಮ್ಮಿದ ಯಾವ ಕೂಸಿಗೆ, ತಾಯಿ ಮುಚ್ಚಳ ತಿರುಗಿಸುತ್ತಿದ್ದಾಳೆ, ಬೆರಳಿಳಿಸುತ್ತಿದ್ದಾಳೆ, ನಿಲ್ಲವ್ವ, ನಿಲ್ಲು, ಆ ಪುಟ್ಟ ಕೆಂಪು ನಾಲಿಗೆ, ಚಾಚಿದ ನಾಲಿಗೆ, ನಾಲಿಗೆ —