ರಂಗಯ್ಯನವರ ಫಿಯೆಟ್‌ಗೆ ಹೊಸ ಕರೆಂಟು

ನಲವತ್ತು ವರ್ಷ ಗಾಡಿ ರಿಪೇರಿ ಮಾಡಿದವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಗಾಡಿ ಸರಿಹೋದರೆ ಅದು ತನ್ನ ಕೈಗುಣ, ಸರಿಹೋಗದಿದ್ದರೆ ಓಡಿಸುವವರ ತಪ್ಪು. ನಾನೂ ಅದೇ ಜಾತಿಯವನು. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಶಿವಮೂರ್ತಪ್ಪನ ಗ್ಯಾರೇಜು ಯಾವುದೆಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ‘ಆಸಾಮಿ ಸ್ವಲ್ಪ ಸಿಡುಕ, ನೋಡ್ಕೊಂಡು ಮಾತಾಡಿ’ ಎಂದೂ ಹೇಳಿ ಕಳಿಸುತ್ತಾರೆ. ಹೇಳಿಕೊಳ್ಳಲಿ, ಸುಳ್ಳೇನಲ್ಲ.

ಆ ಮಂಗಳವಾರ ಬೆಳಿಗ್ಗೆ ಮೊಳಕಾಲ್ಮೂರಿನ ರಂಗಯ್ಯನವರ ಹಳೇ ಫಿಯೆಟ್ ನನ್ನ ಗ್ಯಾರೇಜಿನ ಮುಂದೆ ಬಂದು ನಿಂತಾಗ ನಾನು ಮುಖ ಗಂಟಿಕ್ಕಿಕೊಂಡೆ. ಹದಿನೈದು ದಿನದ ಹಿಂದಷ್ಟೇ ಅದಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ ಕಳಿಸಿದ್ದೆ. ಕಿಡಿ ಹುಟ್ಟಿಸುವ ಹಳೆಯ ಪಾಯಿಂಟು, ಕಂಡೆನ್ಸರ್ ಎಲ್ಲ ಕಿತ್ತು, ಬೆಂಗಳೂರಿನಿಂದ ತರಿಸಿದ ಕಿಟ್ಟು ಕೂರಿಸಿದ್ದೆ. ಜೊತೆಗೆ ಎರಡು ಪಟ್ಟು ಜೋರಾಗಿ ಕಿಡಿ ಹಾರಿಸುವ ಕಾಯಿಲು, ನಾಲ್ಕು ಹೊಸ ಪ್ಲಗ್ಗು. ಕಿಟ್ಟಿನ ಜೊತೆ ಹೊಸ ಪ್ಲಗ್ ವೈರುಗಳೂ ಬಂದಿದ್ದವು. ಆದರೆ ರಂಗಯ್ಯ, ‘ಹಳೇವು ಗಟ್ಟಿ ಅವೆ, ಇರ್ಲಿ ಬಿಡು’ ಎಂದಿದ್ದರು. ಮುದುಕನ ಜಿಪುಣತನ ಎಂದುಕೊಂಡು ನಾನೂ ಬಿಟ್ಟಿದ್ದೆ.

ಇಷ್ಟೆಲ್ಲ ಮಾಡಿಸಿದ್ದು ಮಗಳು ದಿವ್ಯಶ್ರೀಗಾಗಿ. ಅವಳು ಮನೆಯ ಮಗ್ಗದ ಸೀರೆಗಳನ್ನು ತಾನೇ ಊರೂರಿಗೆ ಒಯ್ದು ಮಾರಲು ಶುರುಮಾಡಿದ್ದಳು. ರಂಗಯ್ಯನವರಿಗೆ ಎಪ್ಪತ್ತು ದಾಟಿ ಕಣ್ಣು ಮಂಜಾಗಿತ್ತು. ಇನ್ನು ಗಾಡಿ ಅವಳ ಕೈಗೆ, ಅದಕ್ಕೆ ಸ್ವಲ್ಪ ಚುರುಕು ಬರಲಿ ಎಂದು ನನ್ನ ಹತ್ತಿರ ತಂದಿದ್ದರು.

ಇವತ್ತು ಅವಳೇ ಓಡಿಸಿಕೊಂಡು ಬಂದಿದ್ದಳು. ಕೆಳಗಿಳಿದವಳ ಮುಖದಲ್ಲಿ ರಕ್ತ ಇರಲಿಲ್ಲ.

“ಮಾಮ, ಸ್ಟಾರ್ಟ್ ಆಗೋದು ಚೆನ್ನಾಗೈತೆ. ನಿಂತಲ್ಲಿ ಗಡಿಯಾರದ ಥರ ಓಡ್ತದೆ. ಆದ್ರೆ ಆಕ್ಸಿಲರೇಟರ್ ಜೋರಾಗಿ ತುಳಿದ್ರೆ ಉಸಿರು ಕಟ್ಟಿದಂಗೆ ಮುಗ್ಗರಿಸ್ತದೆ. ನಿನ್ನೆ ಬಿ.ಜಿ. ಕೆರೆ ಹತ್ರ ಶೇಂಗಾ ಟ್ರ್ಯಾಕ್ಟರನ್ನ ಹಿಂದೆ ಹಾಕೋಕೆ ಹೋದೆ. ಅರ್ಧಕ್ಕೇ ಜೀವ ಬಿಟ್ಟುಬಿಡ್ತು. ಎದುರಿಗೆ ಲಾರಿ.”

“ಲಾರಿಯೋನು ಮಣ್ಣಿಗೆ ಇಳಿಸ್ದ. ಅದಕ್ಕೆ ಉಳಿದ್ವಿ,” ಎಂದರು ರಂಗಯ್ಯ, ನಿಧಾನವಾಗಿ ಇಳಿಯುತ್ತ.

ತಪ್ಪು ನನ್ನದಿರಬಹುದು ಎಂದು ಒಂದು ಕ್ಷಣ ಅನ್ನಿಸಿತು. ಆದರೂ ಹಾಳು ಬಾಯಿ ಸುಮ್ಮನಿರಲಿಲ್ಲ. “ಗೇರ್ ಇಳಿಸಿದ್ಯೇನಮ್ಮ?” ಎಂದೆ.

“ಇಳಿಸಿದ್ದೆ,” ಎಂದಳು. “ಮಾಮ, ನನಗೆ ಇನ್ನು ಇದನ್ನ ಓಡಿಸೋ ಧೈರ್ಯ ಇಲ್ಲ. ರಾಯದುರ್ಗದಿಂದ ಒಬ್ರು ಶುಕ್ರವಾರ ನೋಡೋಕೆ ಬರ್ತಾರೆ. ಅಷ್ಟ್ರೊಳಗೆ ಸರಿಹೋದ್ರೆ ಸರಿ, ಇಲ್ಲಾಂದ್ರೆ ಕೊಟ್ಟುಬಿಡೋದು ಅಂತ ನಾಯ್ನಾನೂ ಒಪ್ಪಿದಾರೆ,” ಎಂದು ಅಪ್ಪನ ಕಡೆ ನೋಡಿದಳು.

ರಂಗಯ್ಯ ಒಪ್ಪಿದ ರೀತಿ ನನಗೆ ಕಾಣುತ್ತಿತ್ತು. ಗಾಡಿಯ ಬಾಗಿಲಿನ ಮೇಲೆ ಇಟ್ಟ ಕೈ ತೆಗೆದಿರಲಿಲ್ಲ.

ಆ ಗಾಡಿ ಹೋಗುವುದು ನನಗೂ ಬೇಡವಾಗಿತ್ತು. ತೊಂಬತ್ತರ ದಶಕದಿಂದ ಮುಂದೆ ವರ್ಷಗಟ್ಟಲೆ ತಿಂಗಳಿಗೊಮ್ಮೆ ರಂಗಯ್ಯ, ಅವರ ಹೆಂಡತಿ ತಿಪ್ಪಮ್ಮಕ್ಕ ಇಬ್ಬರೂ ಹಿಂದಿನ ಸೀಟಿನ ತುಂಬ ಸೀರೆ ಗಂಟು ಹಾಕಿಕೊಂಡು ದಾವಣಗೆರೆಯ ಅಂಗಡಿಗಳಿಗೆ ಹೋಗುತ್ತಿದ್ದರು. ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸದೆ ಹೋದದ್ದಿಲ್ಲ. ರಂಗಯ್ಯ ಟೀ ಕುಡಿಯಲು ಹೋದರೆ ತಿಪ್ಪಮ್ಮಕ್ಕ ಬಾನೆಟ್ ಎತ್ತಿಸಿ ಎಂಜಿನ್ ನೋಡುತ್ತ ನಿಲ್ಲುತ್ತಿದ್ದರು. ಗಿರಾಕಿಗಳು ಎಂಜಿನ್ನಿಗೆ ಇಣುಕಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಕೆಯೊಬ್ಬರು ನೋಡಿದರೆ ಮಾತ್ರ ಖುಷಿ.

“ಈ ನಾಲ್ಕು ವೈರು ಎಲ್ಲಿಗೆ ಹೋಗ್ತವೆ, ಮೂರ್ತಪ್ಪ?” ಎಂದು ಕೇಳಿದ್ದರು ಒಮ್ಮೆ.

“ಒಂದೊಂದು ಪ್ಲಗ್ಗಿಗೆ ಒಂದೊಂದು, ಅಕ್ಕ. ಸರದಿ ಪ್ರಕಾರ ಕರೆಂಟು ಹೋಗ್ತದೆ.”

“ಒಂದು ಅದಲುಬದಲಾದ್ರೆ?”

“ಎಲ್ಲಾ ಕೆಟ್ಟೋಗ್ತದೆ.”

“ಹಂಗಾದ್ರೆ ನಿಮ್ದೂ ನಮ್ಮ ಮಗ್ಗದ ಕೆಲ್ಸನೇ ಬಿಡು,” ಎಂದು ನಕ್ಕಿದ್ದರು. ನಾನು ಮಗ್ಗದ ಮುಂದೆ ಒಂದು ದಿನವೂ ಕೂತವನಲ್ಲ. ಆದರೆ ಆ ಮಾತು ಕೇಳಿ ಆವತ್ತೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದ್ದೆ. ಆಕೆ ತೀರಿಕೊಂಡು ಮೂರು ವರ್ಷ. ಅಂಥ ಗಿರಾಕಿ ಮತ್ತೆ ನನ್ನ ಬಾಗಿಲಿಗೆ ಬರಲಿಲ್ಲ.

ಹಾಗಾಗಿ ಮಂಗಳವಾರ, ಬುಧವಾರ ಎರಡು ದಿನ ಆ ಗಾಡಿಯ ಮೇಲೆ ಬಿದ್ದೆ. ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಪೆಟ್ರೋಲ್ ಫಿಲ್ಟರ್ ಬದಲಿಸಿದೆ. ಟೈಮಿಂಗ್ ಹಿಂದೆ ಮಾಡಿದೆ, ಮುಂದೆ ಮಾಡಿದೆ. ಪ್ಲಗ್ಗಿನ ಸಂದು ಕಡಿಮೆ ಮಾಡಿದೆ. ಕಿಟ್ಟೇ ಸರಿಯಿಲ್ಲವೇನೋ ಎಂದು ಕಳಿಸಿದವನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. ಅವನು ಪಾಪ ಮಂಗಳವಾರ ರಾತ್ರಿಯೇ ಬೇರೆ ಕಿಟ್ಟು ಬಸ್ಸಿಗೆ ಹಾಕಿದ. ಅದನ್ನು ಹಾಕಿದರೂ ಅದೇ ಕಥೆ. ನಿಂತಾಗ ಬಂಗಾರ, ಏರು ಸಿಕ್ಕಿದರೆ, ಜೋರಾಗಿ ತುಳಿದರೆ ಮುಗ್ಗರಿಸುವುದು. ಬುಧವಾರ ಸಂಜೆ ಪಾನಾ ಎಸೆದು ಮನೆಗೆ ಹೋದೆ. ಊಟ ಸೇರಲಿಲ್ಲ.

ಗುರುವಾರ ಬೆಳಿಗ್ಗೆ ಅಪ್ಪ ಮಗಳು ಬಸ್ಸಿನಲ್ಲಿ ಬಂದರು. ನನ್ನ ಮುಖ ನೋಡಿಯೇ ದಿವ್ಯಶ್ರೀಗೆ ಗಾಡಿ ಸರಿಹೋಗಿಲ್ಲವೆಂದು ಗೊತ್ತಾಯಿತು. ನನಗೆ ಅವಮಾನವಾಯಿತು. ಕೊನೆಗೆ, ನನ್ನ ಗುರು ಹೇಳಿಕೊಟ್ಟಿದ್ದ ಹಳೆಯ ಉಪಾಯವೊಂದು ಬಾಕಿ ಉಳಿದಿತ್ತು. ಕರೆಂಟು ಎಲ್ಲಾದರೂ ಸೋರುತ್ತಿದ್ದರೆ ಕತ್ತಲಲ್ಲಿ ಕಣ್ಣಿಗೆ ಕಾಣುತ್ತದೆ. ಶಟರ್ ಎಳೆದು, ಮಂಚದ ಮೇಲಿದ್ದ ಕರೀ ಕಂಬಳಿ ತಂದು ಎಂಜಿನ್ ಮೇಲೆ ಹೊದಿಸಿ, ಅದರೊಳಗೆ ತಲೆ ತೂರಿಸಿದೆ.

“ದಿವ್ಯ, ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಗಟ್ಟಿಯಾಗಿ ತುಳಿದಿರು. ಗೇರಿಗೆ ಹಾಕಿ ಕ್ಲಚ್ ಅರ್ಧ ಬಿಡು. ಎಂಜಿನ್ ಒದ್ದಾಡ್ಲಿ.”

ಅವಳು ಹಾಗೇ ಮಾಡಿದಳು. ಎಂಜಿನ್ ಮೇಲೆ ಭಾರ ಬಿದ್ದ ಕೂಡಲೇ ಕಂಬಳಿಯೊಳಗೆ ನೀಲಿ ಬೆಳಕು ಚಿಟಚಿಟನೆ ಹರಿಯಿತು. ನಾಲ್ಕು ವೈರುಗಳಿಗೂ ಅಲ್ಲಲ್ಲಿ ಯಾರೋ ದಾರ ಸುತ್ತಿ ಒಟ್ಟಿಗೆ ಬಿಗಿದಿದ್ದರು. ಅದರ ತುದಿಯನ್ನು ಎಂಜಿನ್ನಿನ ಬೋಲ್ಟಿಗೆ ಕಟ್ಟಿದ್ದರು. ಆ ದಾರದ ಉದ್ದಕ್ಕೂ ಕಿಡಿ ಓಡುತ್ತಿತ್ತು.

ಎಂಜಿನ್ ನಿಲ್ಲಿಸಲು ಹೇಳಿ, ಕಂಬಳಿ ಸರಿಸಿ ಟಾರ್ಚ್ ಹಾಕಿ ನೋಡಿದೆ. ಎಣ್ಣೆ ಜಿಡ್ಡಿನಿಂದ ಕಪ್ಪಾದ ದಾರ. ಉಗುರಿನಿಂದ ಕೆರೆದರೆ ಒಳಗೆ ಹೊಳಪು. ಅದು ಜರಿ. ರೇಷ್ಮೆಯ ಎಳೆಗೆ ಬೆಳ್ಳಿ ತಂತಿ ಸುತ್ತಿದ, ಸೀರೆಯ ಸೆರಗಿಗೆ ಹಾಕುವ ಅಸಲಿ ಜರಿ. ಕರೆಂಟಿಗೆ ಇದಕ್ಕಿಂತ ಸುಲಭದ ದಾರಿ ಬೇಕೆ? ಹಳೆಯ ಕಾಯಿಲಿನ ಬಡಕಲು ಕಿಡಿಗೆ ವೈರಿನ ರಬ್ಬರು ದಾಟುವ ಶಕ್ತಿ ಇರಲಿಲ್ಲ, ತೆಪ್ಪಗೆ ಪ್ಲಗ್ಗಿಗೆ ಹೋಗುತ್ತಿತ್ತು. ನಾನು ಹಾಕಿದ ಹೊಸ ಕಾಯಿಲು ಜೋರಿನದು. ಜೋರಾಗಿ ತುಳಿದಾಗ ಸಿಲಿಂಡರಿನಲ್ಲಿ ಒತ್ತಡ ಹೆಚ್ಚುತ್ತದೆ, ಅಲ್ಲಿ ಕಿಡಿ ಹಾರುವುದು ಕಷ್ಟ. ಆಗ ಅದು ಹಳೇ ರಬ್ಬರು ಸೀಳಿಕೊಂಡು ಜರಿ ಹಿಡಿದು ಎಂಜಿನ್ನಿಗೆ ಇಳಿದುಬಿಡುತ್ತಿತ್ತು.

ಎರಡು ದಿನದ ಸಿಟ್ಟೆಲ್ಲ ನೆತ್ತಿಗೇರಿತು. ಬ್ಲೇಡು ಕೈಗೆತ್ತಿಕೊಂಡೆ.

“ಯಾವನ್ರೀ ಅವನು, ಪ್ಲಗ್ ವೈರಿಗೆ ಜರಿ ಕಟ್ಟಿದ ಬುದ್ಧಿಗೇಡಿ? ಹುಡುಗಿ ಜೀವ ಹೋಗ್ತಿತ್ತಲ್ರೀ.”

ರಂಗಯ್ಯ ಮುಂದೆ ಬಂದು ಬ್ಲೇಡಿಗೆ ಕೈ ಅಡ್ಡ ಹಿಡಿದರು. ಆಮೇಲೆ, “ತಿಪ್ಪಮ್ಮ ಕಟ್ಟಿದ್ದು,” ಎಂದರು. “ನೀನೇ ಹೇಳಿದ್ದಲ್ಲಪ್ಪ ಕಟ್ಟೋಕೆ.”

“ನಾನಾ?”

“ಒಂದು ವೈರು ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಡ್ತಿತ್ತು. ನಿನಗೆ ಇನ್ಯಾವುದೋ ಗಾಡಿ ಅರ್ಜೆಂಟು. ‘ಅಕ್ಕ, ನಿಮ್ಮ ಹತ್ರ ದಾರ ಇರ್ತದಲ್ಲ, ಸದ್ಯಕ್ಕೆ ಬಿಗಿದುಬಿಡ್ರಿ, ಮುಂದಿನ ಸಲ ಕ್ಲಿಪ್ ಹಾಕ್ತೀನಿ’ ಅಂದೆ. ಅವಳ ಚೀಲದಲ್ಲಿ ಜರಿ ಉಂಡೆ ಒಂದೇ ಇತ್ತು. ದಿವ್ಯ ಆಗ ಇನ್ನೂ ಹುಟ್ಟಿರ್ಲಿಲ್ಲ.”

ನನಗೆ ನೆನಪೇ ಇರಲಿಲ್ಲ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಆಮೇಲೆ ಎಷ್ಟು ಸಲ ಈ ಬಾನೆಟ್ ಎತ್ತಿದ್ದೇನೆ, ಎಷ್ಟು ಸಲ ಈ ವೈರು ಕಿತ್ತು ಒರೆಸಿ ಹಾಕಿದ್ದೇನೆ. ಯಾವುದೋ ಹಳೇ ದಾರ ಎಂದು ಕಣ್ಣು ಮುಂದಕ್ಕೆ ಹೋಗಿದೆ. ಬುದ್ಧಿಗೇಡಿ ಯಾರೆಂದು ಗೊತ್ತಾಯಿತು. ಬ್ಲೇಡು ಕೆಳಗಿಟ್ಟೆ.

“ವೈರು ಬದಲಿಸ್ಬ್ಯಾಡ ಅಂದಿದ್ದು ಇದಕ್ಕೇನಾ?” ಎಂದೆ.

“ಮನೇಲಿ ಅವಳು ನೇಯ್ದ ಸೀರೆ ಒಂದೂ ಉಳಿದಿಲ್ಲ, ಮೂರ್ತಪ್ಪ. ನಾವು ನೇಯೋದೆಲ್ಲ ಮಾರೋಕೆ. ಅವಳ ಕೈಯಿಂದ ಕಟ್ಟಿದ್ದು ಅಂತ ನನ್ನ ಹತ್ರ ಇರೋದು ಇದೊಂದೇ.”

ದಿವ್ಯಶ್ರೀ ಸ್ಟೇರಿಂಗ್ ಹಿಡಿದುಕೊಂಡೇ ತಲೆ ಬಗ್ಗಿಸಿದ್ದಳು. ನಾನು ಹೇಳಿದೆ:

“ಒಂದು ಕೆಲ್ಸ ಮಾಡ್ತೀನಿ. ಹೊಸದೆಲ್ಲ ತೆಗೆದು ಹಳೇ ಪಾಯಿಂಟು, ಹಳೇ ಕಾಯಿಲೇ ವಾಪಸ್ ಹಾಕ್ತೀನಿ. ಗಾಡಿ ನಿಧಾನ ಹೋಗ್ತದೆ, ಆದ್ರೆ ಹೋಗ್ತದೆ. ಜರಿ ಹಂಗೇ ಇರ್ತದೆ.”

ರಂಗಯ್ಯ ಮಗಳ ಕಡೆ ತಿರುಗಿದರು. “ಹಂಗೆ ಮಾಡಿದ್ರೆ ನೀನು ಓಡಿಸ್ತೀಯಾ?”

ಅವಳು ತಲೆಯೆತ್ತಿ ಅಪ್ಪನ ಮುಖ ನೋಡಿದಳು. “ಹೈವೇನಲ್ಲಿ ಆಗಲ್ಲ ನಾಯ್ನಾ. ಸುಳ್ಳು ಹೇಳೋಕೆ ಇಷ್ಟ ಇಲ್ಲ.”

“ಹಂಗಾದ್ರೆ ಬಿಚ್ಚು ಮೂರ್ತಪ್ಪ,” ಎಂದರು. “ಬ್ಲೇಡ್ ಹಾಕ್ಬ್ಯಾಡ. ಬಿಚ್ಚಿ ತೆಗಿ.”

ಸ್ಟೂಲ್ ಹಾಕಿಕೊಂಡು ತಾವೇ ಕೂತರು. ಆದರೆ ಕಣ್ಣಿಗೆ ಗಂಟು ಕಾಣಲಿಲ್ಲ, ಬೆರಳು ಮತ್ತೆ ಮತ್ತೆ ಜಾರಿತು. ದಿವ್ಯಶ್ರೀ ಮೆಲ್ಲಗೆ ಅವರನ್ನು ಸರಿಸಿ ತಾನು ಕೂತಳು. ಮೊದಲ ಗಂಟನ್ನು ಬೆರಳಿನಿಂದ ಸವರಿ ನೋಡಿದಳು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸು ಎಳೆ ಕಡಿದಾಗ ಕೂಡಿಸುವ ಗಂಟು ಅದು, ಅಮ್ಮ ಕಲಿಸಿದ್ದೂ ಅದನ್ನೇ ಎಂದಳು. ಯಾವ ಕಡೆ ಒತ್ತಿದರೆ ಬಿಡುತ್ತದೆಂದು ಅವಳಿಗೆ ಗೊತ್ತಿತ್ತು. ಹನ್ನೊಂದು ಗಂಟು, ಒಂದೂವರೆ ತಾಸು ಹಿಡಿಯಿತು. ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ನನ್ನ ಗ್ಯಾರೇಜಿನ ಇತಿಹಾಸದಲ್ಲೇ ಮೊದಲು. ಬಿಚ್ಚಿದ ಜರಿಯನ್ನು ರಂಗಯ್ಯ ಬೆರಳಿಗೆ ಸುತ್ತಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಹೊಸ ವೈರು ಹಾಕಿದೆ. ಒಂದಕ್ಕೊಂದು ತಾಗದಂತೆ ಅಂತರ ಬಿಟ್ಟು ಕ್ಲಿಪ್ ಕೂರಿಸಿದೆ.

“ನಡೀರಿ, ರೋಡಲ್ಲಿ ನೋಡೋಣ,” ಎಂದು ಹಿಂದಿನ ಸೀಟಿನಲ್ಲಿ ಕೂತೆ. ರಂಗಯ್ಯ ಮುಂದೆ, ಮಗಳ ಪಕ್ಕ. ಹಿರೇಹಳ್ಳಿ ದಾಟುವವರೆಗೆ ದಿವ್ಯಶ್ರೀ ನಲವತ್ತರ ಮೇಲೆ ಹೋಗಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ತಳಕಿನ ಆಚೆ ಸಣ್ಣ ಏರು. ಮುಂದೆ ಒಂದು ಪ್ರೈವೇಟ್ ಬಸ್ಸು ಹೊಗೆ ಉಗುಳುತ್ತ ಹೋಗುತ್ತಿತ್ತು. ಎದುರಿಗೆ ರಸ್ತೆ ದೂರದವರೆಗೆ ಖಾಲಿ. ಅವಳು ಕನ್ನಡಿಯಲ್ಲಿ ನನ್ನ ಕಡೆ ನೋಡಿದಳು.

“ಈಗ ತುಳೀಲಾ ಮಾಮ?”

ಮತ್ತೆ ಮುಗ್ಗರಿಸಿದರೆ ಏನು ಗತಿ ಎಂಬ ಹೆದರಿಕೆ ನನಗೂ ಇತ್ತು. “ತುಳಿ,” ಎಂದೆ.

ತುಳಿದಳು. ಗಾಡಿ ಒಂದು ಸಲವೂ ಅನುಮಾನಿಸಲಿಲ್ಲ. ಏರಿನಲ್ಲೇ ಬಸ್ಸಿನ ಪಕ್ಕಕ್ಕೆ ಬಂತು, ಅದರ ಡ್ರೈವರ್ ಬಗ್ಗಿ ಈ ಮುದಿ ಫಿಯೆಟ್ ನೋಡುತ್ತಿದ್ದಂತೆಯೇ ಮುಂದಕ್ಕೆ ಹೋಯಿತು. ದಿವ್ಯಶ್ರೀ ನಗುತ್ತಿದ್ದಳು, ಜೊತೆಗೇ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ರಾಯದುರ್ಗದೋರಿಗೆ ನಾನೇ ಫೋನ್ ಮಾಡ್ತೀನಿ ನಾಯ್ನಾ. ಗಾಡಿ ಕೊಡಲ್ಲ ಅಂತ,” ಎಂದಳು. ಸ್ವಲ್ಪ ತಡೆದು, “ಅಮ್ಮ ಇದ್ದಿದ್ರೆ ಇಷ್ಟು ಜೋರಿಗೆ ಹೆದರಿಕೊಳ್ತಿದ್ಲೇನೋ,” ಎಂದಳು.

“ನಿಮ್ಮಮ್ಮನಾ?” ರಂಗಯ್ಯ ತಲೆಯಾಡಿಸಿದರು. “ಹೆದರ್ತಿದ್ದೋನು ನಾನು. ಪ್ರತಿ ಸಲ ಈ ಏರಲ್ಲಿ ಬಸ್ಸಿನ ಹೊಗೆ ಕುಡ್ಕಂಡು ಹಿಂದೆ ಹಿಂದೆನೇ ಹೋಗ್ತಿದ್ದೆ. ‘ಒಂದೇ ಒಂದ್ಸಲ ಅದನ್ನ ಹಿಂದೆ ಹಾಕ್ರಿ, ನಾನು ನೋಡ್ಬೇಕು’ ಅಂತಿದ್ಲು. ನಗ್ತಾ ಅಂತಿದ್ಲು. ಇಪ್ಪತ್ತು ವರ್ಷ ಅಂದ್ಲು. ನಾನು ಹಾಕ್ಲೇ ಇಲ್ಲ.”

ರಂಗಯ್ಯ ಸೀಟಿನಲ್ಲಿ ಕಷ್ಟಪಟ್ಟು ಹಿಂದಕ್ಕೆ ತಿರುಗಿ, ದೂರವಾಗುತ್ತಿದ್ದ ಬಸ್ಸನ್ನು ಹಿಂದಿನ ಗಾಜಿನಲ್ಲಿ ಹುಡುಕಿದರು. ಅವರ ಮಂಜುಗಣ್ಣಿಗೆ ಅದು ಕಂಡಿತೋ ಇಲ್ಲವೋ ತಿಳಿಯದು. ನನ್ನ ತಲೆ ಅಡ್ಡ ಬರುತ್ತಿತ್ತು, ನಾನು ಪಕ್ಕಕ್ಕೆ ಸರಿದು ಕೂತೆ.