ಬೇಕಾದ ತೋಟ

ಮುರುಗೇಶಪ್ಪನ ಬಾಯಲ್ಲಿ ಒಂದು ತೋಟ 'ಚೆನ್ನಾಗೈತೆ' ಎನಿಸಿಕೊಂಡಿತೆಂದರೆ ಅದರ ಯಜಮಾನ ಬೇರೆ ಗಿರಾಕಿಯನ್ನು ಹುಡುಕಿಕೊಳ್ಳಬೇಕು ಎಂದೇ ಲೆಕ್ಕ. ಅವನದು ಖೇಣಿ ವ್ಯಾಪಾರ. ಕೊಯ್ಲಿಗೆ ಮುಂಚೆ ಮರದ ಮೇಲಿನ ಅಡಿಕೆಯನ್ನು ಕಣ್ಣಂದಾಜಿನಲ್ಲೇ ಅಳೆದು, ಇಡೀ ತೋಟದ ಫಸಲನ್ನು ಒಂದು ಮೊತ್ತಕ್ಕೆ ಹಿಡಿಯುವ ಕಸುಬು. ಚನ್ನಗಿರಿ ಸುತ್ತ ಇದನ್ನು ಮಾಡುವವರು ಬೇಕಾದಷ್ಟು ಜನ ಇದ್ದರೂ ಮುರುಗೇಶಪ್ಪನಷ್ಟು ಪಳಗಿದವರು ಕಡಿಮೆ. ಬೇಕಾದ ತೋಟಕ್ಕೆ ಕಾಲಿಟ್ಟ ಕೂಡಲೇ ಅವನ ಮುಖ ಸಪ್ಪಗಾಗುತ್ತಿತ್ತು. ಗೊನೆ ಹಗುರ ಎನ್ನುವನು, ಎಳೆಗಾಯಿ ಹರಳು ಉದುರಿದೆ ಎನ್ನುವನು, ನೀರು ಸಾಲದು ಎನ್ನುವನು. ಬೇಡವಾದ ತೋಟವನ್ನು ಮಾತ್ರ ಬಾಯ್ತುಂಬ ಹೊಗಳಿ, ಕೊಟ್ಟ ಚಹಾ ಕುಡಿದು ಎದ್ದು ಬರುವನು.

"ಬ್ಯಾಡಾದ್ದನ್ನ ಹಳಿಬಾರದು ಕಣವ್ವ, ಸುಮ್ನೆ ಯಾಕೆ ಅವರ ಮನಸ್ಸು ನೋಯಿಸ್ಬೇಕು. ಬೇಕಾದ್ದನ್ನ ಹಳಿಬೇಕು," ಎಂದು ಮಗಳು ಸಂಧ್ಯಾರಾಣಿಗೆ ಹೇಳಿಕೊಟ್ಟಿದ್ದ.

ಹೇಳಿಕೊಡಲು ಕಾರಣವಿತ್ತು. ಸಕ್ಕರೆ ಕಾಯಿಲೆ ಕಣ್ಣಿಗಿಳಿದು ಅವನಿಗೆ ಮರದ ತುದಿ ಮಂಜಾಗಿತ್ತು. ಇದು ಊರಿಗೆ ಗೊತ್ತಾದರೆ ಖೇಣಿದಾರನ ಕಥೆ ಮುಗಿದ ಹಾಗೆ. ಅದಕ್ಕೆ ರಜೆಯ ದಿನ ಸಂಧ್ಯಾ ಸ್ಕೂಟಿ ಓಡಿಸುವಳು, ಅಪ್ಪ ಹಿಂದೆ ಕೂರುವನು. ತೋಟದೊಳಗೆ ಅವನ ಕೈ ಹಿಡಿದು ನಡೆಯುವಳು. ನೋಡಿದವರಿಗೆ ಅಪ್ಪ ಮಗಳ ಅಕ್ಕರೆ. ಅವಳು ಗೊನೆ ಎಣಿಸಿ, ಎಷ್ಟು ಕ್ವಿಂಟಾಲ್ ಹಸಿ ಅಡಿಕೆ ಬಿದ್ದೀತು ಎಂಬುದನ್ನು ಬೆರಳಿನಿಂದ ಅವನ ಅಂಗೈಯಲ್ಲಿ ಒತ್ತುತ್ತಿದ್ದಳು. ಅವಳ ಅಂದಾಜು ತಪ್ಪಿದ್ದೇ ಅಪರೂಪ. ಅಕ್ಕರೆಯೂ ಸುಳ್ಳಾಗಿರಲಿಲ್ಲ ಎಂದೇ ಅವಳು ನಂಬಿದ್ದಳು.

ಈ ವ್ಯಾಪಾರದ ರುಚಿಯೇ ಅವಳಿಗೆ ಓದಿನ ಆಸೆ ಹತ್ತಿಸಿದ್ದು. ಪಿಯುಸಿ ಮುಗಿಯುವ ಹೊತ್ತಿಗೆ, ಹೊರರಾಜ್ಯದ ದೊಡ್ಡ ಸಂಸ್ಥೆಯೊಂದರ ಬಿಬಿಎ ಪ್ರವೇಶ ಪರೀಕ್ಷೆ ಬರೆದಳು. ದೇಶದ ಎಲ್ಲ ಕಡೆಯ ಮಕ್ಕಳು ಬರೆಯುವ ಪರೀಕ್ಷೆ, ಸೀಟು ಬೆರಳೆಣಿಕೆಯಷ್ಟು. ಅಂಕ ಬಂತು, ಇಂಟರ್‌ವ್ಯೂಗೆ ಕರೆಯೂ ಬಂತು. ಬರುತ್ತೇನೆಂದು ಆನ್‌ಲೈನಿನಲ್ಲಿ ಒಪ್ಪಿಗೆ ಕೊಡಲು ವಾರದ ಗಡುವು. ಇಷ್ಟು ಅಂಕಕ್ಕೆ ಸೀಟು ಸಿಗುತ್ತದೋ ಇಲ್ಲವೋ? ಅಡಿಕೆ ಗೊನೆಯಾಗಿದ್ದರೆ ತಾನೇ ಹೇಳಿಬಿಡುತ್ತಿದ್ದಳು. ಇದು ಅವಳ ಕಣ್ಣಿಗೆ ಎಟುಕದ ಮರ.

ಅದು ಎಟುಕುವ ಕಣ್ಣಿನವನೊಬ್ಬನಿದ್ದ. ತಾಯಿ ಕಸ್ತೂರಮ್ಮನ ತಮ್ಮ ಕೊಟ್ರೇಶ್, ಹೊನ್ನಾಳಿಯಲ್ಲಿ ಕಾಮರ್ಸ್ ಮೇಷ್ಟ್ರು. ಜಗಳೂರಿನಿಂದ ನ್ಯಾಮತಿಯವರೆಗೆ ಸೀಟಿನ ಅನುಮಾನ ಇದ್ದವರೆಲ್ಲ ಫೋನ್ ಮಾಡುತ್ತಿದ್ದುದು ಅವನಿಗೇ. ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತು ಅವನದಲ್ಲ. ಸಿಗುತ್ತದೆ ಎಂದರೆ ಸಿಗುತ್ತಿತ್ತು. ಸಂಧ್ಯಾ ಬಸ್ಸು ಹತ್ತಿ ಹೊನ್ನಾಳಿಗೆ ಹೋದಳು.

ಕೊಟ್ರೇಶ್ ಅಂಕ ನೋಡಿದ. ಅವಳ ಮುಖ ಮಾತ್ರ ನೋಡಲಿಲ್ಲ.

"ಕಷ್ಟ ಐತೆ ಕಣವ್ವ. ಹೋದ ವರ್ಷಕ್ಕಿಂತ ಈ ಸಲ ಕಟಾಫ್ ಏರ್ತೈತೆ, ನಿನ್ನ ಸ್ಕೋರು ಸಾಲಲ್ಲ. ನಿನ್ನ ಇಂಗ್ಲಿಷೂ ಅಷ್ಟಕ್ಕಷ್ಟೆ. ದೊಡ್ಡ ಸಿಟಿ ಮಕ್ಕಳ ಮುಂದೆ ಕುಂತು ಮಾತಾಡಾಕೆ ಆಗ್ತೈತೇನು? ಅಷ್ಟು ದೂರ ಹೋಗಿ ಅತ್ಕೊಂಡು ಬರೋದಕ್ಕಿಂತ ಇಲ್ಲೇ ಬಿಕಾಂ ಮಾಡು."

"ಸ್ವಲ್ಪಾನೂ ಛಾನ್ಸ್ ಇಲ್ವಾ ಮಾವ?"

"ನೂರಕ್ಕೆ ಐದು."

ಅವಳು ಗಡುವು ದಾಟಿಸಿಬಿಟ್ಟಳು. ಆ ದಿನ ಕಸ್ತೂರಮ್ಮ ಕೇಳದೆಯೇ ಹೋಳಿಗೆ ಮಾಡಿದಳು. ಮುರುಗೇಶಪ್ಪ ಅಡಿಕೆ ಅಂಗಡಿಯಲ್ಲಿ ತನ್ನ ಕುರ್ಚಿಯ ಪಕ್ಕಕ್ಕೆ ಹೊಸ ಕುರ್ಚಿ ತರಿಸಿದ. ಎಂಥ ಅಪ್ಪ ಅಮ್ಮ ನನಗೆ ಎಂದು ಸಂಧ್ಯಾಗೆ ಕಣ್ಣು ತುಂಬಿತು. ಅದೇ ಪರೀಕ್ಷೆ ಬರೆದಿದ್ದ ನ್ಯಾಮತಿಯ ಗೆಳತಿ ಅರುಣಾಳ ಅಂಕ ತನಗಿಂತ ಕಡಿಮೆ ಎಂಬುದು ಅವಳಿಗೆ ಗೊತ್ತಿತ್ತು. ಇಬ್ಬರದೂ ಒಂದೇ ಕೆಟಗರಿ. ಪಾಪ, ಅವಳ ಆಸೆಗೆ ತಾನೇಕೆ ತಣ್ಣೀರು ಎರಚಬೇಕು ಎಂದು ಸುಮ್ಮನಿದ್ದಳು. ಕನಿಕರ ಯಾರ ಮೇಲೆ ಪಡಬೇಕಿತ್ತು ಎಂಬುದು ಆಮೇಲೆ ತಿಳಿಯಿತು.

ಮುಂಗಾರು ಹಿಡಿದ ಮೇಲೆ ಅರುಣಾ ಪೇಡೆ ಡಬ್ಬಿ ಹಿಡಿದು ಮನೆಗೇ ಬಂದಳು. ಅವಳಿಗೆ ಸೀಟು ಸಿಕ್ಕಿತ್ತು.

"ನಾನಂತೂ ಹೋಗಾಕೇ ಹೆದರಿದ್ದೆ ಕಣೆ. ನಿಮ್ಮ ಕೊಟ್ರೇಶ್ ಸರ್‌ಗೆ ಫೋನ್ ಮಾಡಿದ್ರೆ, ಈ ಸ್ಕೋರಿಗೆ ಛಾನ್ಸ್ ಐತೆ, ಬಿಡಬ್ಯಾಡ ಹೋಗು ಅಂದ್ರು. ಸಂಧ್ಯಾನೂ ಬರ್ತಾಳಲ್ವಾ ಸರ್ ಅಂದೆ. ಅವಳಿಗೆ ಮನಸ್ಸಿಲ್ಲಂತೆ ಅಂದ್ರು. ಯಾಕೆ ಹಿಂಗೆ ಮಾಡ್ದೆ ನೀನು?"

ಪೇಡೆ ಸಂಧ್ಯಾಳ ಬಾಯಲ್ಲೇ ಉಳಿಯಿತು. ಗೆಳತಿ ಹೊರಟ ಮೇಲೆ ಅಡುಗೆಮನೆಗೆ ಹೋಗಿ ತಾಯಿಯನ್ನು ನೋಡಿದಳು. ಮಾತೆಲ್ಲ ಕೇಳಿಸಿಕೊಂಡಿದ್ದ ಕಸ್ತೂರಮ್ಮ ಒಲೆಯ ಕಡೆ ತಿರುಗಿ, ಇನ್ನೂ ಉಕ್ಕದ ಹಾಲನ್ನು ಇಳಿಸಿದಳು. ಅಷ್ಟೇ ಸಾಕಾಯಿತು. ಸಂಧ್ಯಾ ಹಿತ್ತಲಿಗೆ ಬಂದು ಮಾವನಿಗೆ ಫೋನ್ ಮಾಡಿದಳು.

ಅವಳು ಕೇಳಿದ ಮೇಲೆ ಕೊಟ್ರೇಶ್ ಬಾಯಿಬಿಟ್ಟ.

"ನೀನು ಬರೋ ಹಿಂದಿನ ದಿನ ಭಾವ ಬಂದಿದ್ರು ಕಣವ್ವ. ಅವಳ ಕಣ್ಣಿಲ್ದೆ ನಾನು ಬೀದಿಗೆ ಬೀಳ್ತೀನಿ, ನಾನು ಬ್ಯಾಡ ಅಂದ್ರೆ ಅವಳು ಕೇಳಲ್ಲ, ನೀನು ಅಂದ್ರೆ ಕೇಳ್ತಾಳೆ ಅಂದ್ರು. ಅಕ್ಕಾನೂ ಫೋನಿನಾಗೆ ಅತ್ಲು. ನಾನು ಏನ್ ಮಾಡ್ಲಿ?"

"ನಿಜವಾಗ್ಲೂ ಎಷ್ಟು ಛಾನ್ಸ್ ಇತ್ತು ಮಾವ?"

"ಬಿಡವ್ವ ಈಗ."

"ಎಷ್ಟಿತ್ತು?"

"ನೂರಕ್ಕೆ ಎಂಬತ್ತು."

ನಂಬಿಸಿ ಕತ್ತು ಕೊಯ್ಯುವುದು ಎಂದರೇನು ಎಂದು ಅವಳಿಗೆ ಆಗ ಅರ್ಥವಾಯಿತು. ಸ್ಕೋರು ಸಾಲದು, ಇಂಗ್ಲಿಷ್ ಅಷ್ಟಕ್ಕಷ್ಟೆ, ಮಾತಾಡಲು ಬರುವುದಿಲ್ಲ. ಗೊನೆ ಹಗುರ, ಹರಳು ಉದುರಿದೆ, ನೀರು ಸಾಲದು. ಬಾಯಿ ಮಾವನದು, ಮಾತೆಲ್ಲ ಅಪ್ಪನದು. ಬೇಕಾದ್ದನ್ನು ಹಳಿಯುವ ವಿದ್ಯೆಯನ್ನು ತೋಟ ತೋಟ ಸುತ್ತಿ ಕಲಿತವಳಿಗೆ, ತನ್ನನ್ನೇ ಹಳಿದು ಖೇಣಿ ಹಿಡಿಯುತ್ತಿದ್ದಾರೆ ಎಂಬುದು ಹೊಳೆಯಲಿಲ್ಲವಲ್ಲ! ತನ್ನ ದಡ್ಡತನಕ್ಕೆ ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಕೂರಿಸಿಕೊಂಡು ನನಗೆ ನೀನು ಬೇಕು ಮಗಳೇ ಎಂದು ಅಪ್ಪ ಒಂದು ಮಾತು ಕೇಳಿದ್ದರೆ ಉಳಿಯುತ್ತಿದ್ದಳೋ ಏನೋ. ಅವನು ಕೇಳಲಿಲ್ಲ.

ಭಾನುವಾರ ಎಂದಿನಂತೆ ಸ್ಕೂಟಿ ತೆಗೆದಳು. ಅಪ್ಪ ಹಿಂದೆ ಕೂತ. ತ್ಯಾವಣಿಗೆಯ ಗಿಡ್ಡಪ್ಪಜ್ಜನ ಎರಡೆಕರೆ ತೋಟ. ಮುದುಕ ಎದುರುಗೊಂಡು ಎಳನೀರು ಕೊಟ್ಟ. ಮುರುಗೇಶಪ್ಪ ಮುಖ ಸಪ್ಪಗೆ ಮಾಡಿಕೊಂಡು ಒಳಗೆ ನಡೆದ. ಸ್ವಲ್ಪ ದೂರ ಹೋಗಿ ನಿಂತು, ಮಗಳ ಕಡೆ ಅಂಗೈ ಚಾಚಿದ.

ಸಂಧ್ಯಾ ಆ ಕೈ ಹಿಡಿಯಲಿಲ್ಲ. ಮರ ನೋಡಿಕೊಂಡು ಒಬ್ಬಳೇ ಆ ತುದಿಯವರೆಗೆ ಹೋಗಿ ಬಂದಳು. ಅಪ್ಪ ಕೈ ಚಾಚಿಯೇ ನಿಂತಿದ್ದ.

"ಏನಪ್ಪ ಮುರುಗೇಶಪ್ಪ, ಎಷ್ಟು ಬಿದ್ದೀತು ಅಂತೀಯ?" ಎಂದ ಗಿಡ್ಡಪ್ಪಜ್ಜ.

ಮುರುಗೇಶಪ್ಪ ತಲೆ ಎತ್ತಿ ಕಾಣದ ಗೊನೆಗಳನ್ನು ನೋಡಿದ. "ಗೊನೆ ಹಗುರ ಐತಲ್ಲೋ ಅಜ್ಜ. ನಲವತ್ತು ಕ್ವಿಂಟಾಲ್ ಬಿದ್ರೆ ನಿನ್ನ ಪುಣ್ಯ."

ಮುದುಕನ ಮುಖ ಬಾಡಿತು. ಆ ಮುಖ ಸಂಧ್ಯಾಗೆ ಗುರುತಿನದು. ಹೊನ್ನಾಳಿಯಿಂದ ಬಂದ ದಿನ ಕನ್ನಡಿಯಲ್ಲಿ ಅದನ್ನೇ ನೋಡಿಕೊಂಡಿದ್ದಳು.

"ಅಜ್ಜ, ಎಪ್ಪತ್ತಕ್ಕೆ ಕಡಿಮೆ ಇಲ್ಲ," ಎಂದಳು. "ಗೊನೆ ತೂಕ ಐತೆ, ಒಂದು ಹರಳೂ ಉದುರಿಲ್ಲ. ಬೇಕಾದೋರು ಬಂದು ಹಳೀತಾರೆ. ಕೇಳಿ ಕೊಟ್ಟುಬಿಡಬ್ಯಾಡ್ರಿ."

ಗಿಡ್ಡಪ್ಪಜ್ಜ ಒಮ್ಮೆ ಅವಳನ್ನೂ ಒಮ್ಮೆ ಅವಳಪ್ಪನನ್ನೂ ನೋಡಿದ. ಮುರುಗೇಶಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಪಂಚೆಗೆ ಒರೆಸಿದ.

ಇಬ್ಬರೂ ಸ್ಕೂಟಿ ಹತ್ತಿರ ಬಂದರು.

"ಯಾಕವ್ವ ಹಿಂಗೆ ಮಾಡ್ದೆ?"

"ಕೊಟ್ರೇಶ್ ಮಾವ ಎಲ್ಲ ಹೇಳಿದ್ರು."

ಅವನು ಸೀಟಿನ ಮೇಲೆ ಕೈಯೂರಿ ನಿಂತ. "ತಪ್ಪೇ ಆತು. ಆದ್ರೆ ನಾನು ಕಟ್ಟಿದ್ದೆಲ್ಲ ನಿಂಗೇ ಅಲ್ವೇನವ್ವ? ಅಂಗಡಿ, ಹೆಸರು, ಇಷ್ಟು ಊರಿನ ಗಿರಾಕಿ. ಆ ಕುರ್ಚಿ ತರಿಸಿದ್ದು ಯಾರಿಗೆ? ನೀನೇ ಹೇಳು, ಹೆಂಗೈತೆ ನಮ್ಮ ವ್ಯಾಪಾರ?"

ಸಂಧ್ಯಾ ಮುಖ ಸಪ್ಪಗೆ ಮಾಡಿಕೊಳ್ಳಲಿಲ್ಲ. ಅವನೇ ಕಲಿಸಿದಂತೆ ನಗುನಗುತ್ತಲೇ ಹೇಳಿದಳು.

"ಚೆನ್ನಾಗೈತಪ್ಪ. ಭಾಳ ಚೆನ್ನಾಗೈತೆ."

ಅವಳು ಸ್ಕೂಟಿ ಶುರು ಮಾಡಿದಳು. ಹಿಂದೆ ಕೂತವನು ಅಂದು ಅವಳ ಹೆಗಲ ಮೇಲೆ ಕೈ ಇಡದೆ, ಸೀಟಿನ ಕಂಬಿಯನ್ನು ಹಿಡಿದುಕೊಂಡ.