ಓದಿಸಿಕೊಂಡು ಹೋಗುತ್ತದೆ

ನಮ್ಮ ಪುಸ್ತಕದಂಗಡಿಗೆ ಹೊಸ ಪುಸ್ತಕ ಬಂದರೆ ನಾವು ಮೊದಲು ನೋಡುವುದು ಮುಖಪುಟವನ್ನಲ್ಲ, ಅದರ ಕೆಳಗೆ ಕಪಾಟಿಗೆ ಅಂಟಿಸಿದ ಚೀಟಿಯನ್ನು. ಓದಿ ನಾಲ್ಕು ಮಾತು ಬರೆದು ಅಂಟಿಸುವವರು ಒಬ್ಬ ನಿವೃತ್ತ ಮೇಷ್ಟ್ರು. ನಮ್ಮ ಬಾಯಲ್ಲಿ ಚೀಟಿ ಮೇಷ್ಟ್ರು. ಎಂಥ ಪುಸ್ತಕವನ್ನೂ ಅವರು ಬೈಯುವವರಲ್ಲ. "ಪಾಪ, ಬರೆದೋರಿಗೂ ಮನೆಮಂದಿ ಇರ್ತಾರಲ್ಲ" ಎನ್ನುತ್ತಾರೆ. ಆದರೆ ಅಲ್ಲೇ ಠಿಕಾಣಿ ಹೂಡುವ ನಮ್ಮಂಥ ಓದುಗರಿಗೆ ಅವರ ಒಳಮಾತು ಗೊತ್ತು. "ಕಾಗದ ಚೆನ್ನಾಗಿದೆ" ಎಂದರೆ ಒಳಗೆ ಹುರುಳಿಲ್ಲ. "ಲೇಖಕರ ಶ್ರಮ ಎದ್ದು ಕಾಣುತ್ತದೆ" ಎಂದರೆ ಓದುವವನ ಶ್ರಮ ಅದಕ್ಕಿಂತ ಹೆಚ್ಚು. "ಓದಿಸಿಕೊಂಡು ಹೋಗುತ್ತದೆ" ಎಂದರಂತೂ ಮುಗಿಯಿತು, ಮೇಷ್ಟ್ರು ಅರ್ಧಕ್ಕೇ ಗೊರಕೆ ಹೊಡೆದಿದ್ದಾರೆ ಎಂದರ್ಥ. ಈ ಕೊನೆಯದನ್ನು ಕಂಡುಹಿಡಿದು ನಮ್ಮನ್ನೆಲ್ಲ ನಗಿಸಿದವಳು ಅವರ ತಂಗಿಯೇ.

ತಂಗಿ ಆಸ್ಪತ್ರೆಯಲ್ಲಿ ನರ್ಸು. ವಯಸ್ಸಾದವರ ವಾರ್ಡಿನಲ್ಲಿ ಕೇಳಿದ ಮಾತುಗಳನ್ನೆಲ್ಲ ಕಟ್ಟಿ ಒಂದು ಕಾದಂಬರಿ ಬರೆದಳು. ಇನ್ನೊಂದು ಅರ್ಧವಾಗಿತ್ತು. "ಇದನ್ನ ನಾಲ್ಕು ಜನ ಓದಿದ್ರೆ ಅದನ್ನ ಮುಗಿಸ್ತೀನಿ. ಇಲ್ಲಾಂದ್ರೆ ಸೂಜಿ ಚುಚ್ಚೋ ಕೈ ಸೂಜಿನೇ ಚುಚ್ಲಿ" ಎಂದು ಅಂಗಡಿ ನಡೆಸುವ ಅಕ್ಕನಿಗೆ ಹೇಳಿ, ಪ್ರತಿಗಳನ್ನು ಇಟ್ಟು ಹೋದಳು.

ಮರುವಾರ ಬಂದು ನೋಡಿದರೆ ಕಟ್ಟು ಕಟ್ಟಾಗಿಯೇ ಇದೆ. ಕೆಳಗೆ ಅಣ್ಣನ ದುಂಡಗಿನ ಅಕ್ಷರ: "ಓದಿಸಿಕೊಂಡು ಹೋಗುತ್ತದೆ."

ನಾವೆಲ್ಲ ಕಪಾಟಿನ ಕಡೆ ಮುಖ ತಿರುಗಿಸಿ, ಇಲ್ಲದ ಪುಸ್ತಕ ಹುಡುಕತೊಡಗಿದೆವು. ಅವಳು ಚೀಟಿಯ ಮೇಲೆ ಒಮ್ಮೆ ಬೆರಳಾಡಿಸಿ, ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಮೇಷ್ಟ್ರು ಬಂದರು.

"ಏನೇ ಇದು, ಎಲ್ಲಾ ವಾಪಸ್ ತಗೊಂಡ್ ಹೋಗ್ತಿದೀಯ?"

"ಹೂಂ ಅಣ್ಣ. ಸುಳ್ಳು ಹೊಗಳಲಿಲ್ವಲ್ಲ, ಅಷ್ಟೇ ಸಮಾಧಾನ."

ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ಅಂಗಡಿಯ ಅಕ್ಕನಿಗೆ ತಡೆಯಲಾಗಲಿಲ್ಲ. "ನಿಮ್ ಚೀಟಿಲಿ ಆ ಮಾತು ಕಂಡ್ರೆ ಯಾರೂ ಪುಸ್ತಕ ಮುಟ್ಟಲ್ಲ ಮೇಷ್ಟ್ರೇ. ನಿಮಗೆ ನಿದ್ದೆ ಬಂತು ಅಂತ ಅರ್ಥ. ಇಡೀ ಅಂಗಡಿಗೇ ಗೊತ್ತು."

"ಅಯ್ಯೋ ನನ್ನ ಬುದ್ಧಿಗಿಷ್ಟು!" ಮೇಷ್ಟ್ರು ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದರು. "ಜಾಸ್ತಿ ಹೊಗಳಿದ್ರೆ ತಂಗಿ ಅಂತ ಬರೆದ ಅಂತಾರಲ್ಲಾಂತ, ಒಂದೇ ಮಾತು ಅಳೆದು ತೂಗಿ ಹಾಕಿದೆ ಕಣೇ. ನಿಜವಾಗ್ಲೂ ಓದಿಸ್ಕೊಂಡು ಹೋಯ್ತು! ಬಸ್ಸಲ್ಲಿ ತೆಗೆದವನು ಸೀದಾ ಡಿಪೋ ತಲುಪಿದೆ. ಕಂಡಕ್ಟರು ಬಂದು, ಯಜಮಾನ್ರೇ, ಬಸ್ ತೊಳೀಬೇಕು, ಇಳೀತೀರಾ ಅಂದ!"

ನಾವು ಗೊಳ್ಳೆಂದೆವು. ತಂಗಿ ನಗಲಿಲ್ಲ. ನಮ್ಮಷ್ಟೇ ಅವಳೂ ಅಣ್ಣನ ದಾಕ್ಷಿಣ್ಯವನ್ನು ಕಂಡವಳು.

"ಡಿಪೋ ಬಂದಾಗ ಕಥೇಲಿ ಎಲ್ಲಿದ್ದೆ, ಹೇಳು ನೋಡೋಣ?"

"ಅದೇ, ಆ ಅಜ್ಜಿ ಪಕ್ಕದ ಮಂಚದ ಮುದುಕನಿಗೆ ತನ್ನ ಹಲ್ಲಿನ ಸೆಟ್ಟು ಎರವಲು ಕೊಡ್ತಾಳಲ್ಲ, ಅವನ ಮಗ ನೋಡಕ್ಕೆ ಬರ್ತಾನೆ, ನಗಬೇಕು ಅಂತ..." ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಮುದುಕನ ಬಾಯಿಗೆ ಅದು ಸರಿಯಾಗಿ ಕೂರಲ್ಲ. ಆದ್ರೂ ನಗ್ತಾನೆ. ಅಲ್ಲಿ ನನಗೆ ಪುಟ ತಿರುಗಿಸಕ್ಕೇ ಆಗ್ಲಿಲ್ಲ ಕಣೇ."

ತಂಗಿ ಚೀಲವನ್ನು ನೆಲಕ್ಕಿಟ್ಟಳು. ಸೆರಗಿನಿಂದ ಮೂಗು ಒರೆಸಿಕೊಂಡು, "ಇದನ್ನ ಬರೆಯೋಕೆ ಏನಾಗಿತ್ತು ನಿನಗೆ ದಾಡಿ?" ಎಂದು ಗದರಿದಳು.

ಮೇಷ್ಟ್ರು ಅಲ್ಲೇ ಚೀಟಿ ಕಿತ್ತು ಬೇರೆ ಬರೆದರು: "ಬಸ್ಸಿನಲ್ಲಿ ಓದಬೇಡಿ. ನಾನು ಡಿಪೋ ನೋಡಿ ಬಂದೆ. ಬರೆದವಳು ನನ್ನ ತಂಗಿ, ಅದಕ್ಕೆ ನಾನೇನು ಮಾಡಲಿ?" ಅಂಟು ಒಣಗುವ ಮೊದಲೇ ಅಂಗಡಿಯ ಅಕ್ಕ ತನಗೊಂದು ಎತ್ತಿಟ್ಟುಕೊಂಡಳು. ನಾನೂ ಒಂದು ಕೊಂಡೆ.

ಹೊರಡುವಾಗ ತಂಗಿ ಬಾಗಿಲಲ್ಲಿ ತಿರುಗಿ ನಿಂತಳು. "ಅಣ್ಣ, ಎರಡನೇದನ್ನ ಮನೇಲೇ ಕೂತ್ಕೊಂಡು ಓದು. ಅದು ಇನ್ನೂ ದಪ್ಪ ಇದೆ."